ಅಲ್ಪಕಾಲದ ಅಸೌಖ್ಯ

ಮಳೆಗಾಲದಲ್ಲಿ ನಮ್ಮ ನೆಟ್ಟಣಕ್ಕೆ ಪೇಪರು ಬರುವುದು ಸ್ವಲ್ಪ ತಡ. ಬಂದದ್ದನ್ನು ನಾನು ಓದುವುದು ಸ್ಟೇಷನ್ ದಾರಿಯ ಹೋಟೆಲಿನಲ್ಲಿ, ಅದೂ ಹಿಂದಿನಿಂದ ಮುಂದಕ್ಕೆ. ಐವತ್ತು ದಾಟಿದ ಮೇಲೆ ನಿಧನ ವಾರ್ತೆಯಿಂದ ಶುರು ಮಾಡುವ ಅಭ್ಯಾಸ ಎಲ್ಲರಿಗೂ ಬರುತ್ತದೆಂದು ಕಾಣುತ್ತದೆ. ಕಳೆದ ಆಟಿ ತಿಂಗಳಲ್ಲಿ ಒಂದು ದಿನ ಒಂದೇ ಪುಟದಲ್ಲಿ ಎರಡು ಸಾವು ಬಂದಿದ್ದವು. ಮೇಲಿನದ್ದು ನಾಲ್ಕು ಸಾಲು: ರಬ್ಬರ್ ತೋಟದ ಕಾರ್ಮಿಕನೊಬ್ಬ, ಮೂಲತಃ ಇಂಥ ಊರಿನವನು, ವಿಪರೀತ ಮದ್ಯಪಾನದ ಚಟವಿದ್ದವನು, ಕಾಲುಜಾರಿ ತೋಡಿಗೆ ಬಿದ್ದು ಮೃತಪಟ್ಟ ಘಟನೆ ನಡೆದಿದೆ. ಕೆಳಗಿನದ್ದಕ್ಕೆ ಫೋಟೋ ಇತ್ತು: ಪ್ರಗತಿಪರ ಕೃಷಿಕರು, 58 ವರ್ಷ, ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನರಾದರು, ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.

ಎದುರಿಗೆ ಕೂತವರು ಗೋಳಿಬಜೆ ಮುರಿಯುತ್ತಾ ಮೇಲಿನ ಸುದ್ದಿಯನ್ನು ಬೆರಳಲ್ಲಿ ಒತ್ತಿ ತೋರಿಸಿದರು. “ಅಲ್ಲ ಮಾರಾಯ್ರೆ, ಈ ಹೊರಗಿನಿಂದ ಬಂದವರದ್ದೆಲ್ಲ ಇದೇ ಕತೆ ಅಲ್ವಾ? ನೀವು ಪೇಪರಿಗೆ ಬರೆಯುವವರು, ಇದರ ಬಗ್ಗೆ ಒಮ್ಮೆ ಬರೀರಿ.” ಕೆಳಗಿನ ಫೋಟೋದಲ್ಲಿದ್ದವರು ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಯಾವ ಗೂಡಂಗಡಿಯ ಹಿಂದೆ ಕುಡಿಯುತ್ತಿದ್ದರು ಎನ್ನುವುದು ಆ ಹೋಟೆಲಿನಲ್ಲಿದ್ದ ಎಂಟೂ ಜನರಿಗೆ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಇದೇ ಪ್ರಶ್ನೆ ಅಂಕಣದ ಓದುಗರಿಂದಲೂ ಬೇರೆ ಬೇರೆ ಮಾತಿನಲ್ಲಿ ಬರುತ್ತಾ ಇದೆ. ಕುಡಿದು ಸಾಯುವವರು ಊರಿನವರು ಹೆಚ್ಚೋ, ಬಂದವರು ಹೆಚ್ಚೋ? ಲೆಕ್ಕದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಲೆಕ್ಕಕ್ಕೆ ಕೂರುವ ಮೊದಲು ನೆಟ್ಟಣದಂಥ ಜಾಗದಲ್ಲಿ “ಬಂದವರು” ಎಂದರೆ ಯಾರು ಎಂದು ಕೇಳಬೇಕಾಗುತ್ತದೆ, ಅಲ್ಲಿಯೇ ಅರ್ಧ ಉತ್ಸಾಹ ಇಳಿಯುತ್ತದೆ.

ಈ ಊರು ಪೇಟೆಯಾದದ್ದೇ ಬಂದವರಿಂದ. ಬಿಳಿನೆಲೆ ಗ್ರಾಮದ ಮೂಲೆಯ ಕಾಡಿಗೆ ರೈಲು ಬಂತು. ಶಿರಾಡಿ ಘಾಟಿಯಲ್ಲಿ 57 ಸುರಂಗ ಕೊರೆದು ಹಳಿ ಹಾಕಿದವರು ಬಂದರು. 1979ರಲ್ಲಿ ಗಾಡಿ ಓಡಲು ಶುರುವಾಗಿ ಇದು “ಸುಬ್ರಹ್ಮಣ್ಯ ರೋಡ್” ಎಂಬ ಬೋರ್ಡು ಹೊತ್ತ ಸ್ಟೇಷನ್ ಆಯಿತು. ಕಿದುವಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆದಾಗ ಅದರ ನೌಕರರು ಬಂದರು. ಕೇರಳದಿಂದ ಗುಡ್ಡ ಕೊಂಡು ರಬ್ಬರ್ ಇಟ್ಟ ಕುಟುಂಬಗಳು ಅದಕ್ಕೂ ಮೊದಲೇ ಬಂದಿದ್ದವು. ಅಂಗಡಿ ಇಟ್ಟವರಲ್ಲಿ ಕೆಲವರು ಘಟ್ಟದ ಮೇಲಿನವರು. ಈಗ ಅಡಿಕೆ ತೋಟದ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಹುಡುಗರು. ಅವರೆಲ್ಲರಿಗೂ ಸೇರಿ ನಾವು ಇಟ್ಟಿರುವ ಹೆಸರು “ಹಿಂದಿಯವರು”, ಅವರಲ್ಲಿ ಅರ್ಧ ಜನರ ಮನೆಮಾತು ಹಿಂದಿಯಲ್ಲದಿದ್ದರೂ. ನನ್ನ ಅಜ್ಜನೇ ನದಿಯ ಆಚೆಯಿಂದ ಗೇಣಿಗೆ ಬಂದವರು. ಮೂರು ತಲೆಮಾರು ಕಳೆದದ್ದರಿಂದ ನಾನು “ಊರಿನವ”.

ಇವರೆಲ್ಲರ ನಡುವೆ ಒಂದು ಸಮುದಾಯದ ಬರವು ಮಾತ್ರ ಎರಡು ಸರಕಾರಗಳ ಸಹಿಯಿಂದ ನಡೆದದ್ದು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದ ಅದು. ಬ್ರಿಟಿಷರ ಕಾಲದಲ್ಲಿ ಚಹಾ ತೋಟಗಳಿಗೆ ಹೋಗಿ ಅಲ್ಲೇ ಪೀಳಿಗೆ ಕಳೆದ, ಆದರೆ ಯಾವ ದೇಶದ ಪೌರತ್ವವೂ ಇಲ್ಲದ 9.75 ಲಕ್ಷ ತಮಿಳರನ್ನು ಪಾಲು ಮಾಡುವುದು ಅದರ ಕೆಲಸ. ಭಾರತಕ್ಕೆ 5.25 ಲಕ್ಷ, ಸಿಲೋನಿಗೆ 3 ಲಕ್ಷ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸಮಾನವಾಗಿ ಹಂಚಿಕೊಂಡರು. ಅಡಿಕೆ ಪಾಲು ಮಾಡುವಾಗಲೂ ನಾವು ಇದಕ್ಕಿಂತ ಹೆಚ್ಚು ಚೌಕಾಸಿ ಮಾಡುತ್ತೇವೆ. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಕಾಗದ ಹಿಡಿದು ನಿಂತವರಲ್ಲಿ ಕೆಲವರ ಪಾಲಿಗೆ ಬಂದದ್ದು ಸುಳ್ಯ, ಪುತ್ತೂರು, ಸುಬ್ರಹ್ಮಣ್ಯ ಕಡೆಯ ಕಾಡು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ, ಇರಲು ಮನೆ. ಆ ಮನೆಗಳ ಸಾಲಿಗೆ ಇವತ್ತಿಗೂ ಸಿ.ಆರ್.ಸಿ. ಕಾಲನಿ ಎಂದೇ ಹೆಸರು. ಕಾನೂನಿನ ಕಣ್ಣಿನಲ್ಲಿ ಅವರು ವಲಸಿಗರೇ ಅಲ್ಲ, ತಾಯ್ನಾಡಿಗೆ ಮರಳಿದವರು. ಊರಿನ ಬಾಯಲ್ಲಿ ಮಾತ್ರ ಮೊಮ್ಮಕ್ಕಳೂ “ಸಿಲೋನಿನವರು”.

ನಾನು ಹುಡುಗನಾಗಿದ್ದಾಗ ಹಾಲಿನ ಡಬ್ಬಿ ಹಿಡಿದು ಆ ಕಾಲನಿಗೆ ದಿನಾ ಹೋಗುತ್ತಿದ್ದೆ. ಟ್ಯಾಪಿಂಗಿನವರ ದಿನಚರಿ ನಮ್ಮದಕ್ಕೆ ತಲೆಕೆಳಗು. ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಓಡಿ ಚರ್ಮ ಕೊರೆದು ಗೆರಟೆ ಇಡಬೇಕು. ಬಿಸಿಲೇರಿದರೆ ರಬ್ಬರಿನ ಹಾಲು ನಿಲ್ಲುತ್ತದೆ. ಮತ್ತೆ ಅದೇ ದಾರಿಯಲ್ಲಿ ಹಾಲು ಸುರಿದುಕೊಂಡು ತೂಕಕ್ಕೆ ತರಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ದಿನದ ದುಡಿಮೆ ಮುಗಿದಿರುತ್ತದೆ. ಮೈ ಸೋತಿರುತ್ತದೆ, ಸಂಜೆಗೆ ಇನ್ನೂ ಐದು ಗಂಟೆ ಬಾಕಿ ಇರುತ್ತದೆ. ಮಳೆ ಹಿಡಿದರೆ ದಿನಗಟ್ಟಲೆ ಕೆಲಸವೇ ಇಲ್ಲ. ಮನೆಗಳೋ ಗೋಡೆಗೆ ಗೋಡೆ ತಾಗಿದವು. ಒಬ್ಬ ಕೆಮ್ಮಿದರೆ ಮೂರನೇ ಮನೆಗೆ ಕೇಳುತ್ತದೆ. ಅಂಥ ಕಡೆ ಒಬ್ಬ ಕುಡಿದರೆ ಇಡೀ ಕಾಲನಿಗೆ ಗೊತ್ತು, ಅವನು ತೂರಾಡಿ ರಸ್ತೆಗೆ ಬಂದರೆ ಇಡೀ ಊರಿಗೆ ಗೊತ್ತು.

ನಮ್ಮ ಮನೆಗಳಲ್ಲಿ ಹಾಗಲ್ಲ. ಗೇಟಿನಿಂದ ಅಂಗಳಕ್ಕೆ ಅರ್ಧ ಫರ್ಲಾಂಗು, ಸುತ್ತ ತೋಟ, ಆಚೆ ಮನೆಯ ನಾಯಿ ಬೊಗಳುವುದೂ ಸರಿಯಾಗಿ ಕೇಳದು. ಕುಡಿತ ಇಲ್ಲಿಗೆ ಹೊಸತೂ ಅಲ್ಲ. ದೈವಕ್ಕೆ ಅಗೇಲು ಬಡಿಸುವಾಗ ಕೋಳಿಯ ಜತೆ ಗಂಗಸರ ಇಡುವುದು, ಸಂಜೆ ಮೂರ್ತೆಯವರ ಮನೆಯಿಂದ ಕಳ್ಳು ತರುವುದು, ಗೇರುಹಣ್ಣಿನ ಕಾಲಕ್ಕೆ ಗುಡ್ಡದ ಬದಿಯಲ್ಲಿ ಹೊಗೆ ಏಳುವುದು, ಇವೆಲ್ಲ ಸಿಲೋನಿನ ಹಡಗು ಬರುವ ಮೊದಲಿನ ಸಂಗತಿ. ಅವರ ಕಡೆಯೂ ಅಷ್ಟೆ, ತೋಟದ ಬಳಿಯ ಸಾರಾಯಿ ಅಂಗಡಿಯನ್ನೂ ಕಸಿಪ್ಪು ಎಂಬ ಕಳ್ಳಬಟ್ಟಿಯನ್ನೂ ನೋಡಿದವರೇ. ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ನನ್ನ ಚಿಕ್ಕಪ್ಪ ತೀರಿಕೊಂಡದ್ದು 2011ರಲ್ಲಿ, 54ನೇ ವರ್ಷಕ್ಕೆ. ಕೊನೆಯ ಮೂರು ತಿಂಗಳು ಹೊಟ್ಟೆಯಲ್ಲಿ ನೀರು ತುಂಬಿ, ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಬಸುರಿಯಂತೆ ಮುಂದೆ ಬಂದಿತ್ತು. ಕೊನೆಯ ರಾತ್ರಿ ರಕ್ತ ವಾಂತಿ. ಚಿಕ್ಕಮ್ಮ ಬೆಳಗಿನ ಜಾವ ಜಗಲಿಯನ್ನು ಸೆಗಣಿಯಿಂದ ಮತ್ತೆ ಮತ್ತೆ ಸಾರಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದೆ. ಹನ್ನೊಂದನೇ ದಿನ ಕಳೆದ ಮೇಲೆ ಮರಣ ನೋಂದಣಿಗೆ ಗ್ರಾಮಕರಣಿಕರ ಕಚೇರಿಗೆ ಹೋದವನು ನಾನು. 21 ದಿನದೊಳಗೆ ಮಾಹಿತಿ ಕೊಡಬೇಕು. ಅರ್ಜಿಯ ಒಂದು ಬದಿ ಕಾನೂನಿನ ವಿವರ: ಹೆಸರು, ತಂದೆ-ತಾಯಿ, ವಿಳಾಸ. ಇನ್ನೊಂದು ಬದಿ ಅಂಕಿಅಂಶದ್ದು, ಹೆಚ್ಚಿನವರು ಕಣ್ಣು ಹಾಯಿಸದೆ ಬಿಡುವಂಥದ್ದು. ಅಲ್ಲಿ ಕೊನೆಗೆ ನಾಲ್ಕು ಪ್ರಶ್ನೆ ಇವೆ. ಮೃತರು ಧೂಮಪಾನ ಮಾಡುತ್ತಿದ್ದರೆ ಎಷ್ಟು ವರ್ಷದಿಂದ? ತಂಬಾಕು ಜಗಿಯುತ್ತಿದ್ದರೆ ಎಷ್ಟು ವರ್ಷದಿಂದ? ಅಡಿಕೆ ಜಗಿಯುತ್ತಿದ್ದರೆ? ಮದ್ಯಪಾನ ಮಾಡುತ್ತಿದ್ದರೆ ಎಷ್ಟು ವರ್ಷದಿಂದ?

ಅಡಿಕೆಯ ಕಾಲಮಿನಲ್ಲಿ 35 ಎಂದು ಬರೆದೆ. ಅಡಿಕೆ ಬೆಳೆಯುವ ಊರಲ್ಲಿ ಅದೇನು ನಾಚಿಕೆಯ ವಿಷಯವಲ್ಲವಲ್ಲ. ಮದ್ಯದ ಎದುರು ಪೆನ್ನು ನಿಂತಿತು. ಮೇಜಿನ ಆಚೆಗೆ ಕೂತ ಉಗ್ರಾಣಿಗೆ ಚಿಕ್ಕಪ್ಪ ಚೆನ್ನಾಗಿ ಗೊತ್ತು, ಒಟ್ಟಿಗೆ ಕೋಳಿ ಅಂಕಕ್ಕೆ ಹೋದವರು. ಆತ ಬೇರೆ ಕಡೆ ನೋಡಿದ. ನಾನು “ಇಲ್ಲ” ಎಂದು ಬರೆದೆ. ಸಾವಿನ ಕಾರಣದ ಎದುರು “ಹೃದಯಾಘಾತ” ಎಂದೂ ಬರೆದೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ, ಆದ್ದರಿಂದ ಪೂರ್ತಿ ಸುಳ್ಳೂ ಅಲ್ಲ ಎಂದು ಬಸ್ಸಿನಲ್ಲಿ ಬರುವಾಗ ಸಮಾಧಾನ ಹೇಳಿಕೊಂಡೆ. ಪೇಪರಿಗೆ ಕಳಿಸಿದ್ದು ಅಲ್ಪಕಾಲದ ಅಸೌಖ್ಯ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟವು 2020ರಲ್ಲಿ ಶೇ. 22.5 ಮಾತ್ರ. ಉಳಿದವಕ್ಕೆ ಕಾರಣ ಹೇಳಿದವರು ನನ್ನಂಥ ಅಣ್ಣನ ಮಗ, ತಮ್ಮ, ಅಳಿಯ. ವೈದ್ಯರು ಬರೆದಲ್ಲೂ ಕೊನೆಗೆ ಕಂಡದ್ದನ್ನು ಬರೆದು ಮುಗಿಸುವ ರೂಢಿ ಇದೆ. ಉಸಿರಾಟ ನಿಂತಿತು ಎನ್ನುತ್ತಾರೆ, ಯಾಕೆ ನಿಂತಿತು ಎನ್ನುವ ಎರಡನೇ ಸಾಲು ಖಾಲಿ ಉಳಿಯುತ್ತದೆ. ತೋಡಿಗೆ ಬಿದ್ದ ಕಾರ್ಮಿಕನ ಕತೆ ಬೇರೆ. ಅದು ಅಸ್ವಾಭಾವಿಕ ಮರಣ, ಪೊಲೀಸರು ಬರಲೇಬೇಕು, ಮಹಜರು ಆಗಲೇಬೇಕು, ಶವಪರೀಕ್ಷೆಯೂ ಸಾಮಾನ್ಯವಾಗಿ ಆಗುತ್ತದೆ. ಅಲ್ಲಿ ಮದ್ಯದ ವಾಸನೆಗೆ ಕಾಗದದ ಮೇಲೆ ಜಾಗ ಸಿಗುತ್ತದೆ. ಹೀಗೆ ತೋಡಿನಲ್ಲಿ ಸತ್ತವನ ಕುಡಿತ ಸರಕಾರಿ ದಾಖಲೆಯಾಯಿತು, ಹಾಸಿಗೆಯಲ್ಲಿ ಸತ್ತವರ ಕುಡಿತ ಮನೆಯೊಳಗಿನ ಗುಟ್ಟಾಗಿ ಉಳಿಯಿತು. ಮಾರನೇ ದಿನದ ಪೇಪರು ಓದಿದವರು “ಹೊರಗಿನವರೇ ಕುಡಿದು ಸಾಯುತ್ತಾರೆ” ಎಂದರೆ ತಪ್ಪು ಅವರ ಕಣ್ಣಿನದ್ದಲ್ಲ. ಅವರು ನೋಡುವಂತೆ ನಾವು ಇಟ್ಟದ್ದು ಅಷ್ಟನ್ನೇ. ಆ “ಮೂಲತಃ” ಎಂಬ ಪದವನ್ನೇ ನೋಡಿ. ಊರಿನ ಕೃಷಿಕ ಸತ್ತಾಗ ಅವರ ಅಜ್ಜ ಎಲ್ಲಿಂದ ಬಂದರೆಂದು ನಾವು ಬರೆಯುವುದಿಲ್ಲ.

ಅಂದಹಾಗೆ ಮರಣದ ಅರ್ಜಿಯಲ್ಲಿ ಹುಟ್ಟಿದ ಊರಿನ ಕಾಲಮೇ ಇಲ್ಲ. ಖಾಯಂ ವಿಳಾಸವಿದೆ, ಅಷ್ಟೆ. ಕಾಲನಿಯ ಅಜ್ಜನೊಬ್ಬ ನುವಾರಾ ಎಲಿಯದಲ್ಲಿ ಹುಟ್ಟಿದ್ದನೆಂದು ಅದರಿಂದ ತಿಳಿಯುವ ದಾರಿಯಿಲ್ಲ. ಊರಿನವರೋ ಬಂದವರೋ ಎಂದು ವಿಂಗಡಿಸಿ ಎಣಿಸಬೇಕಾದರೆ ಇಂಗ್ಲೆಂಡಿನಂತೆ ಜನಿಸಿದ ದೇಶವನ್ನು ಸಾವಿನ ಜತೆ ಬರೆದಿಡಬೇಕು. ಅಲ್ಲಿ 2000ದ ಆಸುಪಾಸಿನ ದಾಖಲೆಗಳನ್ನು ಹಾಗೆ ವಿಂಗಡಿಸಿ ನೋಡಿದಾಗ ಸಿಕ್ಕ ಚಿತ್ರ ಬಹಳ ಕುತೂಹಲದ್ದು. ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ಹುಟ್ಟಿ ಅಲ್ಲಿಗೆ ಹೋದ ಗಂಡಸರಲ್ಲಿ ಮದ್ಯದಿಂದ ಆದ ಸಾವು ದೇಶದ ಒಟ್ಟು ಪ್ರಮಾಣಕ್ಕಿಂತ ಕಡಿಮೆ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಹುಟ್ಟಿದವರಲ್ಲಿ ಹೆಚ್ಚು. ಭಾರತದಲ್ಲಿ ಹುಟ್ಟಿದ ಗಂಡಸರಲ್ಲೂ ಹೆಚ್ಚು. ಎಲ್ಲರನ್ನೂ ಒಂದೇ ಗೋಣಿಗೆ ಹಾಕಿ “ವಲಸಿಗರು” ಎಂದು ತೂಗಿದರೆ ಈ ಯಾವುದೂ ಕಾಣುವುದಿಲ್ಲ. ಸ್ಕಾಟ್ಲೆಂಡಿನವರು ಬಂದದ್ದು ಸಮುದ್ರ ದಾಟಿಯೂ ಅಲ್ಲ, ನಮ್ಮಲ್ಲಿ ಘಟ್ಟ ಇಳಿದು ಬಂದಂತೆ. ಫಿನ್ಲೆಂಡಿನಿಂದ ಸ್ವೀಡನ್ನಿಗೆ ಕಾರ್ಖಾನೆ ಕೆಲಸಕ್ಕೆ ಹೋದವರಲ್ಲಿ ಈ ಬಗೆಯ ಸಾವು ಸ್ವೀಡನ್ನಿನವರಿಗಿಂತ ಹೆಚ್ಚು, ಊರಲ್ಲೇ ಉಳಿದ ಫಿನ್ಲೆಂಡಿನವರಿಗಿಂತ ಕಡಿಮೆ. ಊರು ಬಿಡುವಾಗ ಮನುಷ್ಯ ತನ್ನ ಕುಡಿತದ ಅಭ್ಯಾಸವನ್ನು ಟ್ರಂಕಿನಲ್ಲಿ ಹಾಕಿಕೊಂಡೇ ಹೋಗುತ್ತಾನೆ, ಹೋದಲ್ಲಿಯ ನೀರೂ ಅವನನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತದೆ. ಅಮೆರಿಕದಲ್ಲಿ ಒಟ್ಟಾರೆ ನೋಡಿದರೆ ಅಲ್ಲೇ ಹುಟ್ಟಿದವರದ್ದೇ ಹೆಚ್ಚು ಸಾವು. ಹೊಸದಾಗಿ ಹೋದವರು ಕಡಿಮೆ ಕುಡಿಯುತ್ತಾರೆ, ವರ್ಷ ಕಳೆದಂತೆ, ಅದರಲ್ಲೂ ಮಕ್ಕಳ ಕಾಲಕ್ಕೆ, ಊರಿನವರಂತಾಗುತ್ತಾರೆ.

ಇನ್ನೊಂದು ಚಮತ್ಕಾರವಿದೆ. ದೂರ ಹೋಗಿ ದುಡಿಯುವವನು ಸಾಮಾನ್ಯವಾಗಿ ಗಟ್ಟಿಮುಟ್ಟಾದವನೇ, ಕಾಯಿಲೆಯವನು ಊರು ಬಿಡುವುದಿಲ್ಲ. ಅದೇ ಮನುಷ್ಯ ಕಾಯಿಲೆ ಬಿದ್ದರೆ ಊರಿಗೆ ಮರಳುತ್ತಾನೆ. ಮೊಟ್ಟೆ ಇಡಲು, ಸಾಯಲು ಹುಟ್ಟಿದ ಹೊಳೆಗೇ ಈಜಿ ಬರುವ ಸಾಲ್ಮನ್ ಮೀನಿನ ಹೆಸರನ್ನು ಸಂಶೋಧಕರು ಇದಕ್ಕೆ ಇಟ್ಟಿದ್ದಾರೆ. ನಮ್ಮ ಸ್ಟೇಷನ್ನಿನಲ್ಲಿ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ವರ್ಷ ನಮ್ಮ ಪಕ್ಕದ ತೋಟದಲ್ಲಿದ್ದ ಹುಡುಗ, ಅಡಿಕೆ ಮರದಿಂದ ಮರಕ್ಕೆ ದಾಟುವುದನ್ನು ಆರೇ ತಿಂಗಳಲ್ಲಿ ಕಲಿತವನು. ಕಣ್ಣು ಅರಿಶಿನದಂತಾಗಿ, ಕಾಲು ಊದಿ, ಇಬ್ಬರು ಗೆಳೆಯರ ಹೆಗಲಿಗೆ ಕೈ ಹಾಕಿ ಪ್ಲಾಟ್‌ಫಾರ್ಮಿನ ಬೆಂಚಲ್ಲಿ ಕೂತಿದ್ದ. ಅವನ ಧಣಿ ಬಾಕಿ ಸಂಬಳವನ್ನು ಎಣಿಸಿ ಕೈಯಲ್ಲಿಟ್ಟು, ಮೇಲೆ 500 ರೂಪಾಯಿ ಸೇರಿಸಿ, “ಊರಿಗೆ ಹೋಗಿ ಮದ್ದು ಮಾಡು” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಗಾಡಿ ಹೊರಟಿತು. ಅವನು ಬದುಕಿದನೋ ಇಲ್ಲವೋ, ನೆಟ್ಟಣದ ದಾಖಲೆಗೆ ಅದು ಸೇರುವುದಿಲ್ಲ. ಕುಡಿದದ್ದು ಇಲ್ಲಿ, ಸತ್ತರೆ ಸಾವು ಅಲ್ಲಿಯ ಲೆಕ್ಕ. ಹೀಗೆ ಒಂದು ಕಡೆ ತೋಡಿನ ಸುದ್ದಿ ಬಂದವರನ್ನು ದೊಡ್ಡದು ಮಾಡುತ್ತದೆ, ಇನ್ನೊಂದು ಕಡೆ ರೈಲು ಅವರನ್ನು ಅಳಿಸುತ್ತದೆ. ಎರಡೂ ಸೇರಿದ ಮೇಲೆ ಹೋಟೆಲಿನಲ್ಲಿ ಕೂತು ಹೆಚ್ಚು-ಕಡಿಮೆ ಹೇಳುವವನಿಗೆ ಧೈರ್ಯ ಬಹಳ ಬೇಕು.

ಯಾರೇ ಇರಲಿ, ಲಿವರಿಗೆ ಆಧಾರ್ ಕಾರ್ಡು ಓದಲು ಬಾರದು. ಅದು ಓದುವುದು ಗ್ರಾಮಿನ ಲೆಕ್ಕ. ನಮ್ಮಲ್ಲಿ ಮಾರುವ ಬ್ರಾಂಡಿ, ವಿಸ್ಕಿ, ರಮ್ಮಿನ ಮೇಲೆ ಶೇ. 42.8 ಎಂದು ಅಚ್ಚಾಗಿರುತ್ತದೆ. ಹಾಗಾದರೆ 180 ಎಂ.ಎಲ್.ನ ಒಂದು ಕ್ವಾರ್ಟರಿನಲ್ಲಿ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. ಈಗ ಹೆಚ್ಚು ಓಡುವ 90 ಎಂ.ಎಲ್.ನ ಪ್ಯಾಕೆಟ್, ಅದೇ ನಮ್ಮ “ನೈಂಟಿ”, ಅದರಲ್ಲಿ 30 ಗ್ರಾಂ. “ನಾನು ಬರೇ ಬಿಯರ್ ಮಾರಾಯ್ರೆ” ಎನ್ನುವವರ ಶೇ. 5ರ 650 ಎಂ.ಎಲ್. ಬಾಟಲಿಯಲ್ಲಿ ಸುಮಾರು 26 ಗ್ರಾಂ. ಎಂದರೆ ಒಂದು ಬಿಯರ್, ಒಂದು ನೈಂಟಿ ಹತ್ತಿರ ಹತ್ತಿರ ಒಂದೇ ತೂಕ. ದಿನಾ ಒಂದು ಕ್ವಾರ್ಟರ್ ಹತ್ತು-ಹದಿನೈದು ವರ್ಷ ಏರಿಸಿದವನ ಲಿವರ್ ಮೊದಲು ಕೊಬ್ಬು ತುಂಬಿಕೊಳ್ಳುತ್ತದೆ. ಆಗ ಬಿಟ್ಟರೆ ಕೆಲವೇ ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ಬಿಡದಿದ್ದರೆ ಕಲೆಗಟ್ಟಿ, ಒಣಗಿದ ಕೊಟ್ಟಡಿಕೆಯಂತೆ ಗಂಟುಗಂಟಾಗುತ್ತದೆ. ರಕ್ತ ಅದರ ಮೂಲಕ ಹಾಯಲಾರದೆ ಅನ್ನನಾಳದ ಬುಡದ ರಕ್ತನಾಳಗಳಲ್ಲಿ ಉಬ್ಬಿ ನಿಲ್ಲುತ್ತದೆ. ಒಂದು ರಾತ್ರಿ ಅದು ಒಡೆಯುತ್ತದೆ. ಚಿಕ್ಕಮ್ಮ ಜಗಲಿ ಸಾರಿಸಿದ್ದು ಅದಕ್ಕೆ.

ನಡುವೆ ಒಂದು ಸಂಗತಿ ಹೇಳಿಬಿಡುತ್ತೇನೆ, ಬೈಸಿಕೊಂಡರೂ ಅಡ್ಡಿಯಿಲ್ಲ. ನಮ್ಮಲ್ಲಿ ಕಣ್ಣು ಹಳದಿಯಾದರೆ ಕಾಮಾಲೆ, ಕಾಮಾಲೆಯಾದರೆ ನಾಟಿ ಮದ್ದು. ಮದ್ದು ಕೊಡುವವರು ಪಥ್ಯ ಹೇಳುತ್ತಾರೆ: ಎಣ್ಣೆ ಬೇಡ, ಮೀನು ಬೇಡ, ಮದ್ಯ ಬೇಡವೇ ಬೇಡ. ಮೂರು ವಾರಕ್ಕೆ ಕಣ್ಣು ತಿಳಿಯಾಗುತ್ತದೆ, ನೆಲನೆಲ್ಲಿಗೆ ಹೆಸರು ಬರುತ್ತದೆ. ಗುಣ ಕೊಟ್ಟದ್ದು ಹೆಚ್ಚಾಗಿ ಪಥ್ಯದ ಕೊನೆಯ ಸಾಲು. ಕುಡಿಯುವವನೋ ಕಾಮಾಲೆ ಹೋಯಿತೆಂದು ಮತ್ತೆ ಕುಡಿಯಲು ಕೂರುತ್ತಾನೆ, ಎರಡನೇ ಸಲ, ಮೂರನೇ ಸಲ. ಚಿಕ್ಕಪ್ಪನಿಗೂ ಮೂರು ಸಲ “ಕಾಮಾಲೆ” ಬಂದಿತ್ತು. ಮೂರೂ ಸಲ ಮದ್ದು ತಂದವನು ನಾನೇ, ಸೈಕಲ್ಲಿನಲ್ಲಿ.

ಬಿಡುವುದೂ ಅಪಾಯದ ಕೆಲಸ ಎಂದು ಹೇಳುವವರು ಕಡಿಮೆ. ದಿನಾ ಕುಡಿಯುವವನ ಮಿದುಳು ಮದ್ಯದ ಮಂಪರನ್ನು ಎದುರಿಸಿ ಎಚ್ಚರವಾಗಿರಲು ಕಲಿತಿರುತ್ತದೆ. ಮದ್ಯ ಒಮ್ಮೆಗೇ ನಿಂತರೆ ಆ ಎಚ್ಚರಕ್ಕೆ ಲಗಾಮು ತಪ್ಪುತ್ತದೆ. ಮೊದಲ ದಿನ ಕೈ ನಡುಕ, ಬೆವರು. ಕೆಲವರಿಗೆ ಅಪಸ್ಮಾರದಂತೆ ಸೆಳವು. ಎರಡು-ಮೂರನೇ ದಿನ ಗೋಡೆಯ ಮೇಲೆ ಇಲ್ಲದ ಹುಳ ಕಾಣುವುದು, ಇಲ್ಲದವರ ಜತೆ ಮಾತು. ಚಿಕಿತ್ಸೆ ಇಲ್ಲದಿದ್ದರೆ ಅದರಿಂದಲೇ ಜೀವ ಹೋಗಬಹುದು. ಶಬರಿಮಲೆಗೆ ಮಾಲೆ ಹಾಕಿದ ಮೂರನೇ ದಿನಕ್ಕೆ ಹೀಗಾದವನನ್ನು ಮನೆಯವರು “ಏನೋ ಸೋಕು ತಾಗಿದೆ” ಎಂದು ಪ್ರಶ್ನೆ ನೋಡುವ ಬಲ್ಮೆಯವರ ಬಳಿ ಕರೆದುಕೊಂಡು ಹೋದದ್ದು ನನಗೆ ಗೊತ್ತು. 2020ರ ಲಾಕ್‌ಡೌನಿನಲ್ಲಿ ಮಾರ್ಚ್ 25ರಿಂದ ಮೇ 3ರವರೆಗೆ ರಾಜ್ಯದ ಮದ್ಯದಂಗಡಿಗಳಿಗೆ ಬೀಗ ಬಿದ್ದಿತ್ತು, 40 ದಿನ, ಹೆಚ್ಚೂಕಡಿಮೆ ಅಯ್ಯಪ್ಪನ ವ್ರತದಷ್ಟೇ. ಈ ವ್ರತ ಯಾರೂ ಹೊತ್ತದ್ದಲ್ಲ. ಕಾಲನಿಯಲ್ಲೂ ತರವಾಡು ಮನೆಗಳಲ್ಲೂ ಒಂದೇ ವಾರದಲ್ಲಿ ಕೈ ನಡುಗಿದವು. ವ್ಯತ್ಯಾಸ ಇಷ್ಟೇ: ಜೀಪು ಇದ್ದವರು ಪಾಸ್ ಮಾಡಿಸಿಕೊಂಡು ಪುತ್ತೂರಿನ, ಮಂಗಳೂರಿನ ಆಸ್ಪತ್ರೆಗೆ ಮುಟ್ಟಿದರು. ಇಲ್ಲದವರು ಅಡಿಕೆ ತೋಟದ ನೆರಳಲ್ಲಿ ಬೆಲ್ಲ ಕೊಳೆಯಿಸಿದರು.

ಕಳ್ಳಬಟ್ಟಿಯ ಮಾತು ಬಂತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ವಿಷದ ಸಾರಾಯಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 1981ರಲ್ಲಿ ಬೆಂಗಳೂರಿನಲ್ಲಿ ಸತ್ತವರು ಮುನ್ನೂರಕ್ಕೂ ಹೆಚ್ಚು. ಎರಡು ಸಲವೂ ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಕೊಂದದ್ದು ಮೆಥನಾಲ್. ಅದು ಮೈಯೊಳಗೆ ಹೋಗಿ ಫಾರ್ಮಿಕ್ ಆಸಿಡ್ ಆಗುತ್ತದೆ, ಕಣ್ಣಿನ ನರವನ್ನು ಮೊದಲು ಹಿಡಿಯುತ್ತದೆ. ಈ ಆಸಿಡ್ ಯಾವುದೆಂದು ನೆಟ್ಟಣದ ರಬ್ಬರಿನವರಿಗೆ ನಾನು ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಸುರಿದ ಹಾಲು ಹೆಪ್ಪಾಗಿ ಶೀಟು ಆಗಲು ನೀರು ಬೆರೆಸಿ ಹಾಕುವುದು ಅದನ್ನೇ. ಒಮ್ಮೆ ಕಾಲನಿಯ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. ಅವರು ಶೀಟಿನ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ, “ಹಾಗಾದರೆ ಒಳಗೂ ಹೀಗೇ ಹೆಪ್ಪು ಕಟ್ಟುತ್ತದಾ ಸರ್?” ಎಂದು ಕೇಳಿದರು. ಹಾಗಲ್ಲ, ಜೀವಕೋಶಗಳು ಉಸಿರಾಡಲಾರದಂತೆ ಆಗುತ್ತದೆ ಎಂದು ವಿವರಿಸಲು ಹೋದೆ. ಅವರ ಪ್ರಶ್ನೆಯೇ ನನ್ನ ವಿವರಣೆಗಿಂತ ಚೆನ್ನಾಗಿತ್ತು.

ಜಗತ್ತಿನಲ್ಲಿ 2019ರಲ್ಲಿ ಮದ್ಯ 26 ಲಕ್ಷ ಜನರನ್ನು ತೆಗೆದುಕೊಂಡು ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ 20 ಲಕ್ಷ ಗಂಡಸರು. ಲಿವರು ಮಾತ್ರವಲ್ಲ, ರಸ್ತೆ, ನೀರು, ಎತ್ತರದಿಂದ ಬೀಳುವುದು, ಕ್ಷಯ, ಕ್ಯಾನ್ಸರ್ ಎಲ್ಲ ಸೇರಿ. ನಮ್ಮ ಅಡಿಕೆ ಮರ ಹತ್ತುವವರ ಸಾವುಗಳಲ್ಲಿ ಹಿಂದಿನ ರಾತ್ರಿಯ ನೈಂಟಿಯ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಮರ ಜಾರುತ್ತದೆ ಎಂದು ಮುಗಿಸುತ್ತೇವೆ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕವರು 38ಕ್ಕೆ ಒಬ್ಬರು ಎಂದು ದೆಹಲಿಯ ಏಮ್ಸ್ 2019ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆ ಹೇಳಿತ್ತು. ನಮ್ಮ ಜಿಲ್ಲೆಯ ಮಟ್ಟಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರೂರಿಗೆ ಬಂದಿವೆ. ಭಜನೆ, ವ್ಯಾಯಾಮ, ವೈದ್ಯರು, ಕೊನೆಯ ದಿನ ಹೆಂಡತಿ-ಮಕ್ಕಳ ಎದುರು ಪ್ರಮಾಣ. ಪ್ರಮಾಣದ ಬಗ್ಗೆ ನನಗೆ ಸ್ವಲ್ಪ ಅನುಮಾನವಿತ್ತು. ಒಂದು ಶಿಬಿರದ ಸಮಾರೋಪಕ್ಕೆ ಹೋದಾಗ ನೋಡಿದೆ. ಒಂದೇ ಚಾಪೆಯಲ್ಲಿ ಕಾಲನಿಯ ಟ್ಯಾಪರ್, ಹತ್ತು ಎಕರೆ ಅಡಿಕೆಯ ಧಣಿ, ಪಕ್ಕದಲ್ಲಿ ಕೇರಳ ಮೂಲದ ರಬ್ಬರ್ ಕೃಷಿಕ. ಮೂವರಿಗೂ ಒಂದೇ ಬಿಳಿ ಶಾಲು, ಒಂದೇ ಗಂಜಿ, ಮೂವರ ಕೈಯೂ ಲೋಟ ಹಿಡಿಯುವಾಗ ಒಂದೇ ಥರ ಸಣ್ಣಗೆ ನಡುಗುತ್ತಿತ್ತು. ಬಿಟ್ಟವರ ನವಜೀವನ ಸಮಿತಿಗಳು ಆಮೇಲೂ ಸೇರುತ್ತವೆ. ಮತ್ತೆ ಜಾರಿದವರೂ ಇದ್ದಾರೆ, ಆ ಚಾಪೆಯಿಂದಲೇ ಇಬ್ಬರು. ಯಾವ ಇಬ್ಬರು ಎಂದು ನಾನು ಇಲ್ಲಿ ಹೇಳಿದರೆ ಹೋಟೆಲಿನ ಪ್ರಶ್ನೆಗೆ ಉತ್ತರ ಕೊಟ್ಟಂತೆ ಓದಿಕೊಳ್ಳುತ್ತೀರಿ, ಅದಕ್ಕೇ ಹೇಳುವುದಿಲ್ಲ.

ಹೋದ ತಿಂಗಳು ರಾತ್ರಿ ಫೋನು ಬಂತು. ಕಾಲನಿಯ ಹುಡುಗ, ನನ್ನ ಹಾಲಿನ ಡಬ್ಬಿಗೆ ಲೋಟ ಒಡ್ಡುತ್ತಿದ್ದ ಅಜ್ಜಿಯ ಮೊಮ್ಮಗ. ಈಗ ಮಂಗಳೂರಿನಲ್ಲಿ ಕೆಲಸ, ಕನ್ನಡ ನನಗಿಂತ ಸ್ಪಷ್ಟ. ಅಪ್ಪ ತೀರಿಕೊಂಡರು ಎಂದ. ಆಸ್ಪತ್ರೆಯಲ್ಲಿ ಹನ್ನೆರಡು ದಿನ, ಲಿವರು. ಪೇಪರಿಗೆ ನಿಧನ ವಾರ್ತೆ ಹಾಕಿಸಬೇಕಿತ್ತು, ನಾನು ಬರೆದುಕೊಡಬಹುದಾ ಎಂದು ಕೇಳಿದ. ಹೆಸರು, ವಯಸ್ಸು, ನಿಗಮದ ನಿವೃತ್ತ ಕಾರ್ಮಿಕ, ಪತ್ನಿ, ಮಕ್ಕಳು ಎಲ್ಲ ಬರೆದುಕೊಂಡೆ. ಕಾರಣಕ್ಕೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

“ಅರ್ಜಿಯಲ್ಲಿ ಇಪ್ಪತ್ತೆರಡು ವರ್ಷ ಅಂತ ಬರೆದು ಕೊಟ್ಟಿದ್ದೇನೆ ಸರ್,” ಎಂದ. “ಇದ್ದದ್ದು ಇದ್ದ ಹಾಗೆ. ಆದರೆ ಪೇಪರಿನಲ್ಲಿ ಮಾತ್ರ, ನಿಮ್ಮವರಿಗೆಲ್ಲ ಹಾಕ್ತಾರಲ್ಲ, ಅಲ್ಪಕಾಲದ ಅಸೌಖ್ಯ ಅಂತ... ಅದನ್ನೇ ಹಾಕಿ. ಮೂಲತಃ ಅಂತ ಏನೂ ಬೇಡ.”

ಹಾಗೆಯೇ ಬರೆದು ಕಳಿಸಿದೆ. ಮೂರನೇ ದಿನ ಅಚ್ಚಾಯಿತು, ಫೋಟೋ ಸಮೇತ.